ಮಹಾಯುಗದ ದಿನಗಳನ್ನು ಒಡೆದು ನೋಡುವುದು ಹೇಗೆ?

ದೊಡ್ಡ ಸಂಖ್ಯೆಯೊಂದರ ಗುಣ ತಿಳಿಯಬೇಕಾದರೆ ಅದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಬೇಕು. ಅಭ್ಯಾಸಕ್ಕೆ 1,57,79,17,500ನ್ನು ತೆಗೆದುಕೊಳ್ಳೋಣ. ಆರ್ಯಭಟನ ಲೆಕ್ಕದಲ್ಲಿ ಒಂದು ಮಹಾಯುಗಕ್ಕೆ, ಅಂದರೆ 43,20,000 ಸೌರವರ್ಷಗಳಿಗೆ, ಸಲ್ಲುವ ದಿನಗಳು ಇಷ್ಟು. ‘ಆರ್ಯಭಟೀಯ’ ಕೊಡುವ ಭೂಭ್ರಮಣಗಳ ಸಂಖ್ಯೆಯಾದ 1,58,22,37,500ರಿಂದ ಸೂರ್ಯನ 43,20,000 ಸುತ್ತುಗಳನ್ನು ಕಳೆದರೆ ಇದು ಬರುತ್ತದೆ.

ಮೊದಲು ಸುಲಭದ ಭಾಗಾಕಾರಗಳನ್ನು ಮುಗಿಸಿಕೊಳ್ಳಿ. ಕೊನೆಯಲ್ಲಿ ಎರಡು ಸೊನ್ನೆಗಳಿರುವುದರಿಂದ 100ರಿಂದ ಭಾಗಿಸಿದರೆ 1,57,79,175 ಉಳಿಯುತ್ತದೆ. ಅದು 75ರಲ್ಲಿ ಮುಗಿಯುವುದರಿಂದ 25ರಿಂದ ಭಾಗಿಸಿ 6,31,167ನ್ನು ಪಡೆಯಬಹುದು. ಇದರ ಅಂಕಿಗಳ ಮೊತ್ತ 24, ಆದ್ದರಿಂದ 3ರಿಂದಲೂ ಭಾಗವಾಗಿ 2,10,389 ಬರುತ್ತದೆ. ಇಲ್ಲಿ ಅಂಕಿಗಳ ಮೊತ್ತ 23, ಕೊನೆಯ ಅಂಕಿ 9. 2, 3, 5ರ ಕೆಲಸ ಇಲ್ಲಿಗೆ ಮುಗಿಯಿತು.

ಮುಂದಿನದು ತಾಳ್ಮೆಯ ಕೆಲಸ. 7ರಿಂದ 59ರವರೆಗಿನ ಹದಿನಾಲ್ಕು ಅವಿಭಾಜ್ಯ ಸಂಖ್ಯೆಗಳಲ್ಲಿ ಯಾವುದರಿಂದಲೂ 2,10,389 ನಿಶ್ಶೇಷವಾಗಿ ಭಾಗವಾಗುವುದಿಲ್ಲ. 19ರಿಂದ ಭಾಗಿಸಿದಾಗ ಬರೀ 2 ಉಳಿದು ಆಸೆ ಹುಟ್ಟುತ್ತದೆ, ಆದರೆ ಶೇಷ ಎಷ್ಟು ಚಿಕ್ಕದಾದರೂ ಶೇಷವೇ. 61ರ ಸರದಿ ಬಂದಾಗ 210ರಲ್ಲಿ 183 ಕಳೆದು 27, ಮೂರನ್ನು ಇಳಿಸಿಕೊಂಡು 273ರಲ್ಲಿ 244 ಕಳೆದು 29, ಎಂಟನ್ನು ಇಳಿಸಿಕೊಂಡು 298ರಲ್ಲಿ 244 ಕಳೆದು 54, ಕೊನೆಗೆ ಒಂಬತ್ತನ್ನು ಇಳಿಸಿಕೊಂಡರೆ 549, ಅದು ಸರಿಯಾಗಿ 61ರ ಒಂಬತ್ತರಷ್ಟು. ಭಾಗಲಬ್ಧ 3,449.

ಈ 3,449ನ್ನು ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ ಎಂಬುದನ್ನು ಎಷ್ಟೋ ಜನ ಗಮನಿಸದೆ ಇನ್ನೊಂದು ಹಾಳೆ ತುಂಬಿಸುತ್ತಾರೆ. ಅದು ಒಡೆಯುವುದಾಗಿದ್ದರೆ ಅದರ ಒಂದು ಅಪವರ್ತನವಾದರೂ 59ಕ್ಕಿಂತ ಚಿಕ್ಕದಿರಬೇಕಿತ್ತು, ಏಕೆಂದರೆ 59ರ ವರ್ಗವೇ 3,481. ಅಷ್ಟು ಚಿಕ್ಕ ಅವಿಭಾಜ್ಯಗಳೆಲ್ಲ ಆಗಲೇ ಸೋತಿವೆ. ಹೀಗಾಗಿ ನಮ್ಮ ಸಂಖ್ಯೆ 2² × 3 × 5⁴ × 61 × 3,449. ಘಾತಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ (3 × 2 × 5 × 2 × 2) ಅದಕ್ಕಿರುವ ಭಾಜಕಗಳು 120.

ಈಗ 43,20,000ನ್ನೂ ಅದೇ 100, 25, 3ರಿಂದ ಭಾಗಿಸಿ, 576 ಸಿಗುತ್ತದೆ. 576ರಲ್ಲಿ 2 ಮತ್ತು 3 ಬಿಟ್ಟರೆ ಬೇರೆ ಅವಿಭಾಜ್ಯವಿಲ್ಲದ ಕಾರಣ 2,10,389/576 ಎಂಬ ಭಿನ್ನರಾಶಿ ಇನ್ನು ಸಂಕ್ಷೇಪವಾಗದು. ವರ್ಷವೆಂದರೆ 365 ದಿನ ಮತ್ತು ದಿನದ 149/576 ಭಾಗ, ಅಂದರೆ 6 ಗಂಟೆ 12 ನಿಮಿಷ 30 ಸೆಕೆಂಡು. ಇಂದಿನ ನಾಕ್ಷತ್ರಿಕ ವರ್ಷಕ್ಕಿಂತ ಇದು ಮೂರು ನಿಮಿಷ ಚಿಲ್ಲರೆ ಹೆಚ್ಚು.

ಕೊನೆಯದಾಗಿ ವಾರದ ಲೆಕ್ಕ. ಆರ್ಯಭಟ ಯುಗವನ್ನು ನಾಲ್ಕು ಸಮಪಾದಗಳಾಗಿ ವಿಭಾಗಿಸುತ್ತಾನೆ. ಅಪವರ್ತನದಲ್ಲಿ 2² ಇರುವುದರಿಂದಲೇ ಪ್ರತಿ ಪಾದಕ್ಕೂ ಪೂರ್ಣ ದಿನಗಳು, 39,44,79,375, ಬರುತ್ತವೆ. ಇದನ್ನು 7ರಿಂದ ಭಾಗಿಸಿದಾಗ ಶೇಷ 3. ಮೂರು ಪಾದಗಳಿಗೆ 9, ಅದರಲ್ಲಿ ಏಳು ಕಳೆದರೆ 2. ಯುಗ ಆರಂಭವಾದದ್ದು ಬುಧವಾರವೆಂದು ಅವನೇ ಹೇಳಿದ್ದಾನೆ. ಅಲ್ಲಿಂದ ಎರಡು ದಿನ ಎಣಿಸಿದರೆ ಕಲಿಯುಗ ಹುಟ್ಟಿದ ಶುಕ್ರವಾರ.