ಬಸುರಿಗೆ ಶುಗರ್ ಬಂದಾಗ ಮನೆಯಲ್ಲಿ ಏನು ಮಾಡಬೇಕು

ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ನಾನು ಆಶಾ ಕಾರ್ಯಕರ್ತೆ. ಬಸುರಿಯರ ಮನೆಗೆ ಹೋದರೆ ಮೊದಲು ತಾಯಿ ಕಾರ್ಡ್ ತೆಗೆಸಿ, ಶುಗರ್ ಪರೀಕ್ಷೆ ಆಗಿದೆಯಾ ಅಂತ ನೋಡುತ್ತೇನೆ. "ನಂಗೇನೂ ಆಗ್ತಿಲ್ಲ ಅಕ್ಕಾ" ಅನ್ನುತ್ತಾರೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೇ ಪರೀಕ್ಷೆ.

ಮೊದಲ ತಪಾಸಣೆಯಲ್ಲೇ ಮಾಡಿಸಿ. ಸರಿ ಇದ್ದರೂ 24ರಿಂದ 28 ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. ಉಪವಾಸ ಬೇಕಿಲ್ಲ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶುಗರ್ ಇದೆ ಅಂತ ಅರ್ಥ.

ಸಿಹಿ ತಿಂದಿದ್ದಕ್ಕೇ ಬಂತು ಅಂತ ಸೊಸೆಯನ್ನು ಬೈಯಬೇಡಿ. ಮಾಸಿನ (ಪ್ಲಾಸೆಂಟಾ) ಹಾರ್ಮೋನುಗಳು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ತಾಯಿಯ ಸಕ್ಕರೆ ಮಗುವಿಗೂ ಹೋಗುತ್ತದೆ. ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಂಡು ದಪ್ಪ ಬೆಳೆಯುತ್ತದೆ. ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು, ಹುಟ್ಟಿದ ಮೇಲೆ ಮಗುವಿನ ಸಕ್ಕರೆ ದಿಢೀರ್ ಇಳಿಯಬಹುದು. ತಾಯಿಗೆ ಬಿ.ಪಿ. ಏರುವ ಭಯವೂ ಇದೆ.

ಇನ್ನು ಊಟ. ನಮ್ಮಲ್ಲಿ ಬೆಳಿಗ್ಗೆ ಕಡುಬು ಇಲ್ಲವೇ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಮೂರು ಹೊತ್ತೂ ಅಕ್ಕಿಯೇ ಅಲ್ವಾ? ಬಿಡಿ ಅನ್ನುವುದಿಲ್ಲ, ಕಡಿಮೆ ಮಾಡಿ. ನಾಲ್ಕು ಕಡುಬಿನ ಜಾಗದಲ್ಲಿ ಎರಡು ಸಾಕು, ಜೊತೆಗೆ ಹೆಸರುಕಾಳು ಪಲ್ಯ, ಮೊಟ್ಟೆ ಅಥವಾ ಮೀನು. ತಟ್ಟೆಯ ಅರ್ಧ ಸೊಪ್ಪು ತರಕಾರಿ ಇರಲಿ. ಜೋನಿಬೆಲ್ಲ ಬೇಡವೇ ಬೇಡ, ಬೆಲ್ಲವೂ ಸಕ್ಕರೆ ಏರಿಸುತ್ತದೆ. ಹಲಸಿನ ಹಣ್ಣು ಎರಡು ತೊಳೆಗೆ ನಿಲ್ಲಿಸಿ. ಹೆದರಿಕೊಂಡು ಉಪವಾಸ ಮಾತ್ರ ಇರಬೇಡಿ. ಊಟವಾದ ಮೇಲೆ ನಡೆಯಿರಿ. ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ಜಗಲಿಯಲ್ಲೇ ಓಡಾಡಿದರೂ ಆಯಿತು.

ಎರಡು ವಾರ ಹೀಗೆ ಮಾಡಿ ಮತ್ತೆ ನೋಡಿಸಿ. ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕು. ಇಳಿಯದಿದ್ದರೆ ಡಾಕ್ಟರು ಮಾತ್ರೆಯನ್ನೋ ಇನ್ಸುಲಿನ್ನೋ ಕೊಡುತ್ತಾರೆ. ಇನ್ಸುಲಿನ್ ಮಗುವಿಗೆ ದಾಟುವುದಿಲ್ಲ, ಧೈರ್ಯವಾಗಿ ತಗೊಳ್ಳಿ. ಗಾಳಿಮಳೆಗೆ ಕರೆಂಟ್ ಹೋಗಿ ಫ್ರಿಜ್ ನಿಂತಿತು ಅಂತ ಸುಮ್ನೆ ಇನ್ಸುಲಿನ್ ನಿಲ್ಲಿಸಬೇಡಿ. ಬಳಸುತ್ತಿರುವ ಬಾಟಲಿಯನ್ನು ಒಲೆ, ಬಿಸಿಲಿನಿಂದ ದೂರ, ತಂಪಾದ ಕಡೆ ಇಡಿ. ಇನ್ಸುಲಿನ್ನಿನಿಂದ ಸಕ್ಕರೆ ತೀರಾ ಇಳಿದು, ಬೆವರಿ ಕೈಕಾಲು ನಡುಗಿದರೆ ತಕ್ಷಣ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಯಿರಿ.

ಮಗುವಿನ ಒದೆತ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ.

ಹೆರಿಗೆಯಾಗಿ ಆರು ವಾರಕ್ಕೆ ತಾಯಿಗೆ ಇನ್ನೊಂದು ಶುಗರ್ ಪರೀಕ್ಷೆ ಇದೆ. ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಇವರಿಗೆ ಜಾಸ್ತಿ. ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಹೇಗೂ ಹೋಗುತ್ತೀರಲ್ಲ, ಅದರ ಜೊತೆಗೇ ಇದನ್ನೂ ಮುಗಿಸಿಕೊಂಡು ಬನ್ನಿ.