ಕಥೆಯಲ್ಲಿ ಗಾಯವನ್ನು ಬರೆಯುವುದು ಹೇಗೆ

ಗಾಯವನ್ನು ಚಿತ್ರಿಸುವ ಕಥೆಗಾರರು ಸಾಮಾನ್ಯವಾಗಿ ರಕ್ತಕ್ಕೂ ಚೀತ್ಕಾರಕ್ಕೂ ಕೊಡುವಷ್ಟು ಗಮನವನ್ನು ಕಾಲಕ್ಕೆ ಕೊಡುವುದಿಲ್ಲ. ಪೆಟ್ಟು ಬಿದ್ದ ಕ್ಷಣ, ನೋವು ಅರಿವಿಗೆ ಬರುವ ಕ್ಷಣ, ಚಿಕಿತ್ಸೆಯ ಹೊತ್ತು, ಚೇತರಿಕೆಯ ವಾರಗಳು ಒಂದರಿಂದ ಒಂದು ಎಷ್ಟು ದೂರದಲ್ಲಿವೆ ಎಂಬುದು ಸರಿಯಾಗಿದ್ದರೆ, ವೈದ್ಯಕೀಯ ಪದಗಳು ಹೆಚ್ಚು ಗೊತ್ತಿಲ್ಲದ ಲೇಖಕನ ದೃಶ್ಯವೂ ನಂಬುವಂತಿರುತ್ತದೆ.

ಆದ್ದರಿಂದ ನೋವು ಯಾವಾಗ ಶುರುವಾಗುತ್ತದೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಎರಡನೇ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ವಿಚಾರಿಸಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ಅವರಲ್ಲಿ ಹಲವರು ನೋವು ನಿವಾರಕವೇ ಬೇಡವೆಂದದ್ದನ್ನು ಕಂಡು 1946ರಲ್ಲಿ ಅದನ್ನು ಪ್ರಕಟಿಸಿದರು. ನೋವಿನ ಪ್ರಮಾಣವು ಗಾಯದ ಗಾತ್ರವನ್ನೇ ಹಿಂಬಾಲಿಸುವುದಿಲ್ಲ. ಸುಟ್ಟ ಗಾಯದಲ್ಲಂತೂ ಇದು ತಲೆಕೆಳಗಾಗಬಹುದು: ಮೇಲ್ಪದರ ಮಾತ್ರ ಸುಟ್ಟಲ್ಲಿ ಗಾಳಿ ಸೋಕಿದರೂ ಉರಿಯುತ್ತದೆ, ಆದರೆ ಚರ್ಮ ಪೂರ್ತಿ ಸುಟ್ಟು ನರತುದಿಗಳು ನಾಶವಾದ ಜಾಗ ಮುಟ್ಟಿದರೂ ತಿಳಿಯದಷ್ಟು ಮರಗಟ್ಟಿರಬಹುದು.

ಕಥೆಗಳಲ್ಲಿ ಅತಿ ಹೆಚ್ಚು ಅನ್ಯಾಯಕ್ಕೊಳಗಾದದ್ದು ಕೀಲು ತಪ್ಪಿದ ಭುಜ. ನಾಯಕ ಹಲ್ಲು ಕಚ್ಚಿ ಗೋಡೆಗೆ ಭುಜವನ್ನು ಅಪ್ಪಳಿಸುತ್ತಾನೆ, ಕೀಲು ಕೂರುತ್ತದೆ, ಮರುಕ್ಷಣವೇ ಬಂದೂಕು ಎತ್ತುತ್ತಾನೆ. ನಿಜದಲ್ಲಿ ಭುಜ ತನ್ನ ದುಂಡನೆಯ ಆಕಾರ ಕಳೆದುಕೊಂಡು ಮೂಲೆ ಮೂಲೆಯಾಗಿ ಕಾಣುತ್ತದೆ, ಮೂಳೆಯ ಗುಂಡು ಹೆಚ್ಚಾಗಿ ಮುಂದಕ್ಕೆ ಜಾರಿರುತ್ತದೆ, ಗಾಯಾಳು ಆ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಯಾರೂ ಹತ್ತಿರ ಬರದಂತೆ ಮೈ ಓರೆ ಮಾಡಿಕೊಂಡು ಕೂರುತ್ತಾನೆ. ವೈದ್ಯರು ಮಣಿಕಟ್ಟಿನ ನಾಡಿಯನ್ನೂ ಭುಜದ ಹೊರಬದಿಯ ಸ್ಪರ್ಶಜ್ಞಾನವನ್ನೂ ಪರೀಕ್ಷಿಸುತ್ತಾರೆ, ಸಾಮಾನ್ಯವಾಗಿ ಎಕ್ಸ್-ರೇ ತೆಗೆಸುತ್ತಾರೆ, ನೋವು ತಗ್ಗಿಸಿ ಮಂಪರು ಬರಿಸುವ ಔಷಧಿ ಕೊಡುತ್ತಾರೆ. ಆಮೇಲೆ ಬಿಗಿದ ಸ್ನಾಯು ಸೋಲುವವರೆಗೆ ತೋಳನ್ನು ನಿಧಾನವಾಗಿ ಎಳೆದು ಹಿಡಿಯುತ್ತಾರೆ. ಇಲ್ಲಿ ಕೆಲಸ ಮಾಡುವುದು ಬಲವಲ್ಲ, ತಾಳ್ಮೆ. ಗೋಡೆಗೆ ಅಪ್ಪಳಿಸಿದರೆ ಮೂಳೆ ಮುರಿಯಬಹುದು, ನರ ಹರಿಯಬಹುದು. ಕೀಲು ಕೂತೊಡನೆ ಸಿಗುವ ನೆಮ್ಮದಿ ಮಾತ್ರ ನಿಜವೇ, ಅದನ್ನು ಧಾರಾಳವಾಗಿ ಬರೆಯಿರಿ.

ಚುಚ್ಚಿಕೊಂಡ ಚಾಕುವನ್ನು ಪಾತ್ರ ತಾನೇ ಕಿತ್ತೆಸೆಯುವುದೂ ಇದೇ ಜಾತಿಯ ಸುಳ್ಳು. ಒಳಗಿರುವ ಚಾಕು ಹಲವು ಬಾರಿ ಹರಿದ ರಕ್ತನಾಳಕ್ಕೆ ಬಿರಡೆಯಂತಿರುತ್ತದೆ. ಅದು ಅಲುಗಾಡದಂತೆ ಸುತ್ತಲೂ ಬಟ್ಟೆಯನ್ನು ಒತ್ತಿಟ್ಟು ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಬೇಕು. ಓದುಗರು ಕಥೆಯಿಂದ ಪ್ರಥಮ ಚಿಕಿತ್ಸೆಯನ್ನೂ ಕಲಿಯುತ್ತಾರೆಂಬುದನ್ನು ಲೇಖಕ ಮರೆಯಬಾರದು ಎಂಬುದು ನನ್ನ ಅಭಿಪ್ರಾಯ. ಸುಟ್ಟ ಕೈಯನ್ನು ತಣ್ಣನೆಯ ಹರಿಯುವ ನೀರಿನಡಿ 20 ನಿಮಿಷ ಹಿಡಿದ ಪಾತ್ರ ಯಾರದೋ ಮನೆಯಲ್ಲಿ ನಿಜವಾಗಿ ಉಪಕಾರ ಮಾಡಬಲ್ಲದು.

ತಲೆಗೆ ಒಂದೇಟು ಬಿದ್ದು ಅರ್ಧ ಗಂಟೆ ಎಚ್ಚರ ತಪ್ಪಿದವನು ಎದ್ದು ಓಡಲಾರ. ಅಷ್ಟು ಹೊತ್ತು ಪ್ರಜ್ಞೆ ಇಲ್ಲದಿರುವುದು ಮಿದುಳಿಗೆ ಗಂಭೀರ ಪೆಟ್ಟು ಬಿದ್ದಿರುವ ಲಕ್ಷಣ. ಎಚ್ಚರವಾದ ಮೇಲೆ ಅವನು ವಾಂತಿ ಮಾಡಿಕೊಳ್ಳುತ್ತಾನೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾನೆ. ಕಥೆಗೆ ಇದಕ್ಕಿಂತ ಒದಗುವ ಸ್ಥಿತಿ ಇನ್ನೊಂದಿದೆ: ಪೆಟ್ಟು ತಿಂದವನು ಸರಾಗವಾಗಿ ಮಾತಾಡುತ್ತಿದ್ದು, ತಲೆಬುರುಡೆಯೊಳಗೆ ರಕ್ತ ಶೇಖರವಾದಂತೆ ಕೆಲವು ಗಂಟೆಗಳ ನಂತರ ಕುಸಿಯುವುದು.

ಕಥೆ ಹಳೆಯ ಕಾಲದ್ದಾದರೆ ಇಸವಿ ನೋಡಿಕೊಳ್ಳಿ. ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಪ್ರಸಿದ್ಧ ಸಾರ್ವಜನಿಕ ಪ್ರದರ್ಶನ ನಡೆದದ್ದು 1846ರ ಅಕ್ಟೋಬರ್ 16ರಂದು. ಅದಕ್ಕೆ ಹಿಂದಿನ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿ ಹೆಚ್ಚಾಗಿ ಎಚ್ಚರವಾಗಿಯೇ ಇರುತ್ತಿದ್ದ, ವೈದ್ಯನ ಕೌಶಲವನ್ನು ಅವನ ಕೈವೇಗದಿಂದ ಅಳೆಯುತ್ತಿದ್ದರು.

ಕೊನೆಯದಾಗಿ ಚೇತರಿಕೆ. ಮುರಿದ ಪಕ್ಕೆಲುಬು ಕೂಡಿಕೊಳ್ಳಲು ಸುಮಾರು 6 ವಾರ ಬೇಕು, ಅಷ್ಟು ದಿನವೂ ಸೀನು ಬರುವ ಮುನ್ಸೂಚನೆಯೇ ಭಯ ಹುಟ್ಟಿಸುತ್ತದೆ. ತೋಳು ತೂಗುಪಟ್ಟಿಯಲ್ಲಿರುವವನು ಅಂಗಿಯ ಕೆಳಗಿನ ಗುಂಡಿಯನ್ನು ಒಂದೇ ಕೈಯಲ್ಲಿ ಹಾಕಲು ಹೆಣಗಿ, ಬೇಸತ್ತು, ಹಾಗೆಯೇ ಬಿಟ್ಟು ಹೊರಡುತ್ತಾನೆ. ಇಂಥ ಒಂದು ಸಾಲು ಎರಡು ಪುಟಗಳ ನರಳಾಟಕ್ಕೆ ಸಮ. ಹಸ್ತಪ್ರತಿಯ ಅಂಚಿನಲ್ಲಿ ಗಾಯವಾದ ದಿನವನ್ನು ಗುರುತು ಹಾಕಿಕೊಂಡು, ಮುಂದಿನ ಪ್ರತಿ ಅಧ್ಯಾಯದಲ್ಲೂ ಎಷ್ಟು ದಿನ ಕಳೆದಿವೆ ಎಂದು ಲೆಕ್ಕ ಹಾಕಿ. ಹತ್ತನೇ ದಿನ ಅದೇ ತೋಳು ಗೋಡೆ ಹತ್ತುತ್ತಿದ್ದರೆ ಆ ಪುಟವನ್ನು ತಿದ್ದಬೇಕು.