ಮಳೆ ಜಾಕೆಟ್ ಎಸೆಯುವ ಮುನ್ನ ಹೀಗೆ ತೊಳೆಯಿರಿ

ಮುಂಗಾರಿನಲ್ಲಿ ಕುದುರೆಮುಖದ ಕಡೆ ಹೊರಡುವ ಬೆಂಗಳೂರಿನ ಚಾರಣಿಗರಲ್ಲಿ ಅನೇಕರು ‘ಹಳೆಯದು ಸೋರುತ್ತಿದೆ’ ಎಂದು ಹೊಸ ಜಾಕೆಟ್ ಕೊಳ್ಳುವುದನ್ನು ಪ್ರತಿ ವರ್ಷ ನೋಡುತ್ತೇನೆ. ಬಹಳಷ್ಟು ಸಲ ಅದು ಸೋರುತ್ತಿರುವುದೇ ಇಲ್ಲ. ಹೊರಬಟ್ಟೆಯ ಮೇಲೆ ನೀರು ಜಾರಿಸುವ ಲೇಪನ ಕೊಳೆಯಿಂದ ಮಂಕಾಗಿ ಬಟ್ಟೆ ನೆನೆಯುತ್ತದೆ. ಆಗ ಬೆವರಿನ ಆವಿ ಹೊರಹೋಗಲಾರದೆ ಒಳಗೇ ನೀರಾಗುತ್ತದೆ. ಮೈ ಒದ್ದೆಯಾಗುವುದು ಆ ಬೆವರಿನಿಂದ.

2011ರಲ್ಲಿ ಚಾರಣದ ಉಡುಪು ಮಾಡುವ ಅಮೆರಿಕದ ಪೆಟಗೋನಿಯಾ ಕಂಪನಿ ‘ಈ ಜಾಕೆಟ್ ಕೊಳ್ಳಬೇಡಿ’ ಎಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟಿತ್ತು. ಶೇ 60ರಷ್ಟು ಮರುಬಳಕೆಯ ಪಾಲಿಯೆಸ್ಟರ್ ಇದ್ದ ಆ ಜಾಕೆಟ್‌ ಒಂದಕ್ಕೇ 135 ಲೀಟರ್ ನೀರು ಖರ್ಚಾಗುತ್ತದೆ, ಅದರ ತೂಕದ 24 ಪಟ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದು ಕಂಪನಿಯೇ ಒಪ್ಪಿಕೊಂಡಿತ್ತು. ‘ಪರಿಸರಸ್ನೇಹಿ’ ಚೀಟಿ ನೋಡಿ ಹೊಸದನ್ನು ತರುವುದಕ್ಕಿಂತ ಇರುವುದನ್ನೇ ಇನ್ನೂ ಕೆಲವು ವರ್ಷ ಬಾಳಿಸುವುದು ಮೇಲು ಎನ್ನಲು ನನಗೆ ಆ ಲೆಕ್ಕ ಸಾಕು.

ಮೊದಲು ಜಾಕೆಟ್ಟಿನ ಒಳಮೈ ನೋಡಿ. ಒಳಲೇಪನ ಪುಡಿಪುಡಿಯಾಗಿ ಉದುರುತ್ತಿದ್ದರೆ, ಅಂಟಂಟಾಗಿದ್ದರೆ ಅದನ್ನು ಉಳಿಸಲಾಗದು. ಇಲ್ಲವಾದರೆ ಜೇಬು ಬರಿದು ಮಾಡಿ, ಜಿಪ್‌ಗಳನ್ನೆಲ್ಲ ಮುಚ್ಚಿ.

ಇನ್ನು ತೊಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಟೋಪಿಯ ಅಂಚು ಮತ್ತು ಕಾಲರನ್ನು ಬೆಳಕಿಗೆ ಹಿಡಿದರೆ ಕಪ್ಪು ಪಟ್ಟಿ ಕಾಣುತ್ತದೆ. ಅದು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಮತ್ತು ಸನ್‌ಸ್ಕ್ರೀನ್. ಹಳೆಯ ಲೇಪನಗಳಲ್ಲಿದ್ದ ಫ್ಲೋರಿನ್ ರಾಸಾಯನಿಕಗಳು, ಅಂದರೆ ಪಿಎಫ್‌ಎಎಸ್, ಎಣ್ಣೆಯನ್ನೂ ದೂರ ಇಡುತ್ತಿದ್ದವು. ಆದರೆ ಅವು ಮಣ್ಣು, ನೀರು ಸೇರಿದರೆ ಸುಲಭವಾಗಿ ನಾಶವಾಗುವಂಥವಲ್ಲ. ಕ್ಯಾಲಿಫೋರ್ನಿಯಾ 2025ರಿಂದ ಬಟ್ಟೆಗಳಲ್ಲಿ ಅವುಗಳನ್ನು ನಿಷೇಧಿಸಿದೆ, ಭಾರಿ ಮಳೆಗೆಂದೇ ಮಾಡಿದ ಉಡುಪುಗಳಿಗೆ ಮಾತ್ರ 2028ರವರೆಗೆ ಗಡುವು ಕೊಟ್ಟಿದೆ. ಈಗಿನ ಫ್ಲೋರಿನ್ ರಹಿತ ಲೇಪನ ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯಲಾರದು. ಹಾಗಾಗಿ ಹೊಸ ಜಾಕೆಟ್ಟನ್ನು ಹೆಚ್ಚು ಸಲ ತೊಳೆಯಬೇಕು. ಕಂಪನಿಗಳು ಇದನ್ನು ಬೆಲೆಪಟ್ಟಿಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆಯಬೇಕು.

ಕಪ್ಪು ಪಟ್ಟಿಗೆ ನಿಕ್‌ವ್ಯಾಕ್ಸ್‌ನಂತಹ ಕಂಪನಿಯ, ಮಳೆ ಜಾಕೆಟ್ ತೊಳೆಯಲೆಂದೇ ಇರುವ ದ್ರಾವಣದ ಕೆಲವು ಹನಿ ಹಾಕಿ, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಹತ್ತು ನಿಮಿಷ ಬಿಡಿ. ಆಮೇಲೆ ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರಿಗೆ ಅದೇ ದ್ರಾವಣ ಹಾಕಿ, ಜಾಕೆಟ್ಟನ್ನು ಅದುಮಿ ಅದುಮಿ ತೊಳೆಯಿರಿ. ಹಿಂಡಬೇಡಿ, ಒಳಪೊರೆ ಬಿರುಕು ಬಿಡಬಹುದು. ಬಟ್ಟೆ ಸೋಪು ಬೇಡವೇ ಬೇಡ: ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದು ಮೊಸರಿನಂತೆ ಒಡೆದು ಎಳೆಗಳ ನಡುವೆ ಕೂರುತ್ತದೆ. ಪರಿಮಳದ ಕಂಡೀಷನರ್ ಇನ್ನೂ ಕೆಟ್ಟದ್ದು. ಅದು ಬಿಟ್ಟುಹೋಗುವ ಪದರ ನೀರನ್ನು ಕರೆದು ಕೂರಿಸುತ್ತದೆ. ವಾಷಿಂಗ್ ಮಷಿನ್ ಬಳಸುವುದಾದರೆ ಪುಡಿ ಹಾಕುವ ಡಬ್ಬಿಯನ್ನು ಮೊದಲು ಉಜ್ಜಿ ತೊಳೆಯಿರಿ.

ಕೊನೆಯ ಸಲ ಜಾಲಿಸಲು ಸಾಧ್ಯವಾದರೆ ಕಾವೇರಿ ನೀರನ್ನೇ ಬಳಸಿ. ಸಾಕಾಯಿತೇ ಎಂದು ತಿಳಿಯಲು ತೋಳಿನ ತುದಿಯನ್ನು ಒಂದು ಮಗ್ ಶುದ್ಧ ನೀರಿನಲ್ಲಿ ಉಜ್ಜಿ. ನೊರೆಯ ಗುಳ್ಳೆ ಎದ್ದರೆ ಮತ್ತೆ ಜಾಲಿಸಿ. ನೀರು ದಂಡವೆನಿಸಿದರೂ ಇದನ್ನು ಬಿಡಬೇಡಿ, ಉಳಿದ ನೊರೆಯೇ ಮುಂದಿನ ಮಳೆಯಲ್ಲಿ ನಿಮ್ಮನ್ನು ನೆನೆಸುತ್ತದೆ. ಜಾಲಿಸಿದ ನೀರು ಗಿಡಗಳಿಗೆ ಬೇಡ, ನೆಲ ಒರೆಸಲು ಇಡಿ.

ನೆರಳಿನಲ್ಲಿ ಒಣಗಿಸಿ.

ಈಗ ಶಾಖ ಕೊಡಬೇಕು. ಮಂಕಾದ ಲೇಪನ ಹೊಸದೇನೂ ಹಚ್ಚದೆ ಶಾಖದಿಂದಲೇ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಚೀಟಿಯಲ್ಲಿ ಇಸ್ತ್ರಿಗೆ ಅನುಮತಿಯಿದ್ದರೆ ಅತಿ ಕಡಿಮೆ ಬಿಸಿ ಇಟ್ಟು, ಹಬೆ ಬಳಸದೆ, ನಡುವೆ ಹತ್ತಿಯ ಪಂಚೆ ಹಾಸಿ ನಿಲ್ಲಿಸದೆ ಓಡಿಸಿ. ರಸ್ತೆ ಬದಿಯ ಇದ್ದಿಲ ಇಸ್ತ್ರಿಗೆ ಕೊಡಬೇಡಿ, ಅದರ ಬಿಸಿ ನಿಮ್ಮ ಕೈಯಲ್ಲಿರುವುದಿಲ್ಲ, ನೈಲಾನ್ ಕರಗುತ್ತದೆ.

ನೀರು ಚಿಮುಕಿಸಿ. ಹನಿಗಳು ಉರುಳಿ ಹೋದರೆ ಕೆಲಸ ಮುಗಿಯಿತು, ನೀರು ಜಾರಿಸುವ ಲೇಪನದ ಸ್ಪ್ರೇಗೆ ದುಡ್ಡು ಹಾಕಬೇಡಿ. ಬಟ್ಟೆ ಹೀರಿಕೊಂಡರೆ ಮಾತ್ರ ಭುಜ, ಟೋಪಿ, ಮುಂಗೈಗೆ ಸ್ಪ್ರೇ ಹೊಡೆದು, ಹೆಚ್ಚಾದದ್ದನ್ನು ಒರೆಸಿ. ಕೊಳ್ಳುವಾಗ ‘ಪಿಎಫ್‌ಒಎ ಇಲ್ಲ’ ಎಂಬ ಮಾತಿಗೆ ಮರುಳಾಗಬೇಡಿ. ಅದು ಪಿಎಫ್‌ಎಎಸ್ ಕುಟುಂಬದ ಒಂದೇ ರಾಸಾಯನಿಕ, ಉಳಿದವು ಇರಬಹುದು. ‘ಪಿಎಫ್‌ಎಎಸ್ ಇಲ್ಲ’ ಎಂದಿರುವುದನ್ನೇ ತನ್ನಿ. ಶೂಗೆ ಹೊಡೆಯುವ ಸಿಲಿಕೋನ್ ಸ್ಪ್ರೇ ಇದಕ್ಕಲ್ಲ.

ಜಿಪ್ ಕೆಟ್ಟಿದ್ದರೆ ಬ್ಯಾಗ್ ರಿಪೇರಿಯವರ ಬಳಿ ‘ಸ್ಲೈಡರ್ ಮಾತ್ರ ಬದಲಿಸಿ’ ಎಂದು ಬಿಡಿಸಿ ಹೇಳಿ. ಇಡೀ ಜಿಪ್ ಬಿಚ್ಚಿ ಹೊಲಿದರೆ ಸೂಜಿಯ ರಂಧ್ರಗಳಿಂದ ನೀರು ಇಳಿಯುತ್ತದೆ.